ಜಂಗು ಹಿಡಿದ ಸೈಲೆನ್ಸರ್: ನಟ್ ಹೋದರೆ ಹೋಗಲಿ, ಸ್ಟಡ್ ಉಳಿಯಲಿ

ಪ್ರಶ್ನೆ: ನಮ್ಮದು ಬ್ಯಾಡಗಿ ತಾಲ್ಲೂಕಿನ ಹಳ್ಳಿ. 2011ರ 100 ಸಿಸಿ ಬೈಕು. ಸೈಲೆನ್ಸರ್ ಹೊಟ್ಟಿ ಕೆಳಗ ಜಂಗು ತಿಂದು ತೂತು ಬಿದ್ದೈತಿ, ಚಾಲೂ ಮಾಡಿದ್ರ ಟ್ರ್ಯಾಕ್ಟರ್ ಬಂದಂಗ ಸಪ್ಪಳ. ಹೊಸಾ ಸೈಲೆನ್ಸರ್ ತಂದಿಟ್ಟು ತಿಂಗಳಾತು, ಹಳೇದು ಬಿಚ್ಚಾಕ ಬರವಲ್ದು. ಎಂಜಿನ್ ಕಡೆ ಎರಡು ನಟ್ ಅದಾವು. ಒಂದರ ಮೂಲಿ ಪಾನಾ ಜಾರಿ ಜಾರಿ ಗುಂಡಗಾಗೇತಿ, ಇನ್ನೊಂದು ಅಳ್ಳಾಡವಲ್ದು. ಊರಾಗಿನ ಫಿಟ್ಟರ್ ‘ಗ್ಯಾಸ್ ಹಚ್ಚಿ ಕೆಂಪಗ ಕಾಸೂಣು’ ಅಂತಾನ. ಹಾವೇರ್ಯಾಗ ಒಬ್ರು ‘ಸ್ಟಡ್ ಮುರದ್ರ ಹೆಡ್ಡೇ ಬದಲಿ ಮಾಡಬೇಕು’ ಅಂದ್ರು. ಎಂಜಿನ್ ಬಿಸಿ ಇದ್ದಾಗ ಬಿಚ್ಚರಿ ಅಂತ ಒಬ್ರು, ಕೋಲಾ ಸುರೀರಿ ಅಂತ ಇನ್ನೊಬ್ರು. ಯಾವುದು ಖರೆ? ಮನ್ಯಾಗ ನಾನ ಮಾಡಬಹುದಾ? ಹೊಸಾದರ ಎಷ್ಟು ವರ್ಷ ಬಾಳಿಕಿ ಬರ್ತೈತಿ?

ಉತ್ತರ: ನಿಮ್ಮ ಪತ್ರ ಸೈಲೆನ್ಸರ್ ಬಗ್ಗೆ ಇದ್ದರೂ ನಿಮಗಿರುವ ಭಯ ಎರಡು ಸಣ್ಣ ಸ್ಟಡ್‌ಗಳದ್ದು, ಅಂದರೆ ಎಂಜಿನ್ ಹೆಡ್ಡಿನಿಂದ ಹೊರಚಾಚಿದ, ನಟ್ ಕೂರುವ ತಲೆಯಿಲ್ಲದ ಬೋಲ್ಟ್‌ಗಳದ್ದು. ಆ ಭಯ ಸರಿಯಾದದ್ದೇ. ಆದರೆ ಇಲ್ಲಿ ನಿಮಗೊಂದು ದೊಡ್ಡ ಅನುಕೂಲವಿದೆ. ಹಳೆಯ ಸೈಲೆನ್ಸರ್ ಹೇಗೂ ಗುಜರಿಗೆ ಹೋಗುವಂಥದ್ದು, ಆ ಎರಡು ನಟ್‌ಗಳ ಬೆಲೆ ಒಂದು ಚಹಾದಷ್ಟೂ ಇಲ್ಲ. ಉಳಿಯಬೇಕಾದದ್ದು ಸ್ಟಡ್, ಅದಕ್ಕಿಂತ ಮುಖ್ಯವಾಗಿ ಅದು ಕೂತಿರುವ ಅಲ್ಯೂಮಿನಿಯಂ ಹೆಡ್ಡಿನ, ಅಂದರೆ ಸಿಲಿಂಡರಿನ ಮುಚ್ಚಳದ, ಥ್ರೆಡ್ (ತಿರುಪಿನ ಗೆರೆ). ನಟ್ಟನ್ನು ಹೇಗಾದರೂ ತಿರುಗಿಸಿಯೇ ತೆಗೆಯಬೇಕು ಎಂದು ಹಟ ಹಿಡಿದಾಗಲೇ ಸ್ಟಡ್ ಮುರಿಯುವುದು. ಕೊಯ್ದು, ಸೀಳಿ ತೆಗೆಯಲು ಮನಸ್ಸು ಮಾಡಿದರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಅಲ್ಲಿ ಏನೇನು ಅಂಟಿಕೊಂಡಿದೆ ನೋಡೋಣ. ನಮ್ಮ ಕಡೆಯ ಹೆಚ್ಚಿನ 100 ಸಿಸಿ ಬೈಕುಗಳಲ್ಲಿ ಸಿಲಿಂಡರ್ ಮುಂದಕ್ಕೆ ಮಲಗಿರುತ್ತದೆ. ಕಾರ್ಬುರೇಟರ್ ಮೇಲೆ, ಹೊಗೆ ಹೊರಬರುವ ಬಾಯಿ ಕೆಳಗೆ. ಮುಂದಿನ ಗಾಲಿ ಎಸೆಯುವ ನೀರು, ಕೆಸರು ನೇರವಾಗಿ ಆ ಎರಡು ನಟ್‌ಗಳಿಗೇ ಬಡಿಯುತ್ತದೆ. ಮಸಾರಿ ಮಣ್ಣಾದರೆ ಒಣಗಿ ಉದುರುತ್ತದೆ. ಎರೆ ಮಣ್ಣು ಹಾಗಲ್ಲ, ಅಂಟಿದರೆ ವಾರಗಟ್ಟಲೆ ಹಸಿ ಹಿಡಿದುಕೊಂಡೇ ಇರುತ್ತದೆ. ಅದರ ಮೇಲೆ ಪೊಟ್ಯಾಷ್ ಚೀಲ ಹೇರಿದಾಗ ಉದುರಿದ ಪುಡಿ, ದನದ ಕೊಟ್ಟಿಗೆಯಲ್ಲಿ ನಿಲ್ಲಿಸಿದಾಗ ತಾಗುವ ಗಂಜಲದ ಆವಿ ಸೇರಿದರೆ ಜಂಗು ಓಡೋಡಿ ಬರುತ್ತದೆ. ಪೊಟ್ಯಾಷ್ ಎಂದು ಮಾರುವ ಗೊಬ್ಬರ ಬಹುಪಾಲು ಪೊಟ್ಯಾಸಿಯಂ ಕ್ಲೋರೈಡ್. ಕಬ್ಬಿಣದ ಮಟ್ಟಿಗೆ ಅದಕ್ಕೂ ಅಡುಗೆ ಉಪ್ಪಿಗೂ ಹೆಚ್ಚು ವ್ಯತ್ಯಾಸವಿಲ್ಲ.

ಅಂಟು ಮೂರು ಕಡೆ ಇದೆ, ಮೂರೂ ಬೇರೆ ಬೇರೆ ಥರದ್ದು. ಒಂದು, ನಟ್ ಮತ್ತು ಸ್ಟಡ್ ನಡುವೆ. ಅಲ್ಲಿ ಉಕ್ಕಿಗೆ ಉಕ್ಕು. ಕಬ್ಬಿಣ ಜಂಗಾದಾಗ ಮೊದಲಿದ್ದುದಕ್ಕಿಂತ ಕಡಿಮೆಯೆಂದರೂ ಎರಡು ಪಟ್ಟು ಜಾಗ ಬೇಡುತ್ತದೆ. ಥ್ರೆಡ್ಡಿನ ಸಂದಿಯಲ್ಲಿ ಆ ಜಾಗ ಸಿಗದೆ ಅದು ಬೆಣೆ ಹೊಡೆದಂತೆ ಬಿಗಿಯುತ್ತದೆ. ಎರಡು, ಸ್ಟಡ್ ಮತ್ತು ಹೆಡ್ ನಡುವೆ. ಅಲ್ಲಿ ಉಕ್ಕಿಗೆ ಅಲ್ಯೂಮಿನಿಯಂ. ಎರಡು ಬೇರೆ ಲೋಹಗಳ ನಡುವೆ ನೀರು ಸೇರಿದರೆ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗಿ ಗಟ್ಟಿಯಾಗುತ್ತದೆ. ಮೂರು, ಪೈಪಿನ ತುದಿ ಹೆಡ್ಡಿನ ಬಾಯಲ್ಲಿ ಮಸಿ ಮತ್ತು ಹಳೇ ಗ್ಯಾಸ್ಕೆಟ್ ರಿಂಗಿನ ಜೊತೆ ಅಂಟಿರುವುದು. ಇದು ಅಲ್ಲಾಡಿಸಿದರೆ ಬರುತ್ತದೆ, ಚಿಂತೆ ಬೇಡ.

ನಿಮಗೆ ಸಿಕ್ಕ ಸಲಹೆಗಳನ್ನು ಈ ಲೆಕ್ಕದಲ್ಲಿ ನೋಡಿ.

‘ಎಂಜಿನ್ ಬಿಸಿ ಇದ್ದಾಗ ಬಿಚ್ಚಬೇಕು’ ಎನ್ನುವುದು ಅರ್ಧ ನಿಜ. ಅಲ್ಯೂಮಿನಿಯಂ ಬಿಸಿಗೆ ಉಕ್ಕಿಗಿಂತ ಹತ್ತಿರಹತ್ತಿರ ಎರಡು ಪಟ್ಟು ಹಿಗ್ಗುತ್ತದೆ. ಹಾಗಾಗಿ ಎಂಜಿನ್ ಬಿಸಿಯಾದರೆ ಹೆಡ್ಡಿನ ತೂತು ಹಿಗ್ಗಿ ಸ್ಟಡ್ ಸಡಿಲಾಗುತ್ತದೆ. ಆದರೆ ನಟ್ಟೂ ಉಕ್ಕು, ಸ್ಟಡ್ಡೂ ಉಕ್ಕು. ಎರಡೂ ಸಮನಾಗಿ ಹಿಗ್ಗಿದರೆ ಅವುಗಳ ನಡುವಿನ ಬಿಗಿ ಹಾಗೇ ಇರುತ್ತದೆ. ಮುರಿದ ಸ್ಟಡ್ ತೆಗೆಯುವಾಗ ಈ ಬಿಸಿ ಬೇಕು, ನಟ್ ಬಿಚ್ಚಲು ಅದರಿಂದ ದೊಡ್ಡ ಲಾಭವಿಲ್ಲ.

‘ಕೆಂಪಗೆ ಕಾಸೋಣ’ ಎನ್ನುವ ಮಾತನ್ನು ಟ್ರ್ಯಾಕ್ಟರ್ ಟ್ರೇಲರಿನ ಬೋಲ್ಟಿಗೆ ಹೇಳಿದರೆ ಒಪ್ಪಬಹುದು. ಇಲ್ಲಿ ಬೇಡ. ನಟ್ ಕೆಂಡದ ಬಣ್ಣಕ್ಕೆ ಬರುವ ಹೊತ್ತಿಗೆ 700 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಶುದ್ಧ ಅಲ್ಯೂಮಿನಿಯಂ ಕರಗುವುದು 660ಕ್ಕೆ, ಹೆಡ್ಡಿನ ಎರಕದ ಮಿಶ್ರಲೋಹ ಅದಕ್ಕೂ ಮೊದಲೇ ಕುಸಿಯುತ್ತದೆ. ಕಬ್ಬಿಣ ಕೆಂಪಾಗಿ ಎಚ್ಚರಿಕೆ ಕೊಡುತ್ತದೆ, ಅಲ್ಯೂಮಿನಿಯಂ ಬಣ್ಣ ಬದಲಿಸದೆ ಒಮ್ಮೆಲೇ ಜಾರಿ ಬೀಳುತ್ತದೆ. ನಟ್‌ಗೆ ಬಿಸಿ ಬೇಕೇ ಬೇಕಾದರೆ ಸಣ್ಣ ಬ್ಯೂಟೇನ್ ಟಾರ್ಚಿನ ಚೂಪು ಜ್ವಾಲೆ, ಅರ್ಧ ನಿಮಿಷ, ನಟ್ಟಿನ ಮೇಲಷ್ಟೇ. ಒಳಗಿನ ಸ್ಟಡ್‌ಗೆ ಬಿಸಿ ತಲುಪುವ ಮೊದಲು ಹೊರಗಿನ ನಟ್ ಹಿಗ್ಗಲಿ ಎನ್ನುವುದಷ್ಟೇ ಉದ್ದೇಶ.

ಕೋಲಾದಲ್ಲಿ ಸ್ವಲ್ಪ ಫಾಸ್ಫರಿಕ್ ಆಮ್ಲ ಇದೆ ಎನ್ನುವುದು ಖರೆ, ಮೇಲಿನ ಜಂಗು ಅದರಿಂದ ಸ್ವಲ್ಪ ಹೋಗುತ್ತದೆ. ಥ್ರೆಡ್ಡಿನ ಒಳಕ್ಕೆ ಅದು ಇಳಿಯುವುದಿಲ್ಲ, ಜಾರಿಕೆಯನ್ನೂ ಕೊಡುವುದಿಲ್ಲ. ಉಳಿಯುವುದು ಸಕ್ಕರೆ ಪಾಕ, ಇರುವೆ ಸಾಲು. ಹುಣಸೆಹಣ್ಣು ತಂಬಿಗೆ ಬೆಳಗಲಿಕ್ಕೆ ಇರಲಿ. ಚಿಮಣಿ ಎಣ್ಣೆ, ಡೀಸೆಲ್ ಇವಕ್ಕಿಂತ ಮೇಲು, ತೆಳುವಾಗಿ ಒಳಗೆ ಇಳಿಯುತ್ತವೆ, ಆದರೆ ನಿಧಾನ. ಜಂಗು ಬಿಡಿಸುವ ಎಣ್ಣೆಯ ಸ್ಪ್ರೇ ಡಬ್ಬಿ ಈಗ ತಾಲ್ಲೂಕು ಊರುಗಳ ಹಾರ್ಡ್‌ವೇರ್ ಅಂಗಡಿಗಳಲ್ಲೂ ಸಿಗುತ್ತದೆ. ಅಸಿಟೋನ್ ಮತ್ತು ಗೇರ್ ಆಯಿಲ್ ಬೆರೆಸುವವರೂ ಇದ್ದಾರೆ. ಅದು ಕೆಲಸ ಮಾಡುತ್ತದೆ, ಆದರೆ ಬೈಕಿನ ಬಣ್ಣ ತಿನ್ನುತ್ತದೆ, ಬೆಂಕಿಗೆ ಪೆಟ್ರೋಲಿನಷ್ಟೇ ಬೇಗ ಹೊತ್ತುತ್ತದೆ. ಆ ಮಿಶ್ರಣ ಹಚ್ಚಿದ ದಿನ ಟಾರ್ಚ್ ಮುಟ್ಟಬೇಡಿ.

ಹೆಡ್ಡೇ ಬದಲಿಸಬೇಕು ಎನ್ನುವುದು ಕಟ್ಟಕಡೆಯ ಮಾತು, ಅಲ್ಲಿಗೆ ಮುಟ್ಟುವ ಮುನ್ನ ಹಲವು ದಾರಿಗಳಿವೆ. ಅವನ್ನು ಮುಂದೆ ಹೇಳುತ್ತೇನೆ.

ನಿಮಗೆ ಯಾರೂ ಹೇಳದ, ಆದರೆ ಎಲ್ಲರೂ ಮಾಡುವ ತಪ್ಪು ಇನ್ನೊಂದಿದೆ: ಪಾನಾಕ್ಕೆ ಉದ್ದ ಪೈಪ್ ಸಿಕ್ಕಿಸುವುದು. ಈ ಬೈಕುಗಳ ಸ್ಟಡ್ ಸಾಮಾನ್ಯವಾಗಿ ಎಂ6, ಅಂದರೆ 6 ಎಂಎಂ ದಪ್ಪ. ಅದರ ನಟ್‌ಗೆ 10 ಎಂಎಂ ಪಾನಾ. ಎಂ6 ನಟ್ ಬಿಗಿಯಬೇಕಾದ ಬಲ ಸುಮಾರು 10 ನ್ಯೂಟನ್ ಮೀಟರ್. ಗೇಣುದ್ದಕ್ಕಿಂತ ಕಡಿಮೆ, 15 ಸೆಂಟಿಮೀಟರಿನ ಪಾನಾದ ತುದಿಯಲ್ಲಿ 7 ಕಿಲೋ ಭಾರ ಹಾಕಿದಷ್ಟು. ಅದೇ 60 ಸೆಂಟಿಮೀಟರ್ ಪೈಪ್ ಸಿಕ್ಕಿಸಿದರೆ ಎರಡು ಕಿಲೋಗಿಂತ ಕಡಿಮೆ ಒತ್ತಡಕ್ಕೇ ಅಷ್ಟು ಬಲ ಬೀಳುತ್ತದೆ. ಅದರ ಒಂದೂವರೆ, ಎರಡು ಪಟ್ಟಿಗೆ ಎಂ6 ಸ್ಟಡ್ ತಿರುಚಿ ತುಂಡಾಗುತ್ತದೆ. ಜಂಗು ತಿಂದು ಸಣ್ಣಗಾಗಿದ್ದರೆ ಇನ್ನೂ ಬೇಗ. ಉದ್ದ ಪೈಪು ಹಿಡಿದ ಕೈಗೆ ಇದು ಗೊತ್ತೇ ಆಗುವುದಿಲ್ಲ. ಪಂಕ್ಚರ್ ಅಂಗಡಿಯ ಗಾಳಿ ಗನ್ನು ಕೂಡ ಇದೇ ಕಾರಣಕ್ಕೆ ಇಲ್ಲಿ ಬೇಡ, ಅದು ಲಾರಿ ಗಾಲಿಯ ಸಾಮಾನು.

ಈಗ ಕೆಲಸಕ್ಕೆ ಬರೋಣ. ಮನೆಯಲ್ಲಿ ಮಾಡಬಹುದು, ಆದರೆ ಮೂರು ದಿನದ ವ್ಯವಧಾನ ಬೇಕು.

ಮೊದಲ ದಿನ ಕೆಸರೆಲ್ಲ ತೊಳೆದು ಒಣಗಿಸಿ, ತಂತಿ ಬ್ರಷ್‌ನಿಂದ ನಟ್ಟಿನ ಸುತ್ತ, ಹೊರಗೆ ಕಾಣುವ ಸ್ಟಡ್ ತುದಿಯನ್ನು ತಿಕ್ಕಿ. ನಟ್ ಟೋಪಿಯಂತೆ ಮುಚ್ಚಿದ್ದರೆ ಮುಂದಿನಿಂದ ಎಣ್ಣೆ ಒಳಗೆ ಹೋಗಲು ದಾರಿಯೇ ಇಲ್ಲ. ಎಷ್ಟು ಡಬ್ಬಿ ಸ್ಪ್ರೇ ಮಾಡಿದರೂ ಜಗ್ಗಲಿಲ್ಲ ಎನ್ನುವವರ ಗಾಡಿಯಲ್ಲಿ ಹೆಚ್ಚಾಗಿ ಇಂಥ ನಟ್ಟೇ ಇರುತ್ತದೆ. ಅರ ಹಾಕಿ ಟೋಪಿಯ ತಲೆಯನ್ನು ಉಜ್ಜಿ ತೆಗೆಯಿರಿ, ಸ್ಟಡ್ ತುದಿ ಕಾಣುವವರೆಗೆ. ಆಮೇಲೆ ಎಣ್ಣೆ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಎರಡು ಮೂರು ದಿನ. ಪ್ರತಿ ಸಲ ಹಚ್ಚಿದ ಮೇಲೆ ನಟ್ಟಿನ ಬದಿಗೆ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಇಪ್ಪತ್ತು ಏಟು. ಜಂಗಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟರೆ ಎಣ್ಣೆ ಇಳಿಯಲು ದಾರಿಯಾಗುತ್ತದೆ.

ಮೂರನೆಯ ದಿನ ಮೊದಲು ಹಿಂದಿನ ಬೋಲ್ಟ್, ಅಂದರೆ ಸೈಲೆನ್ಸರ್ ಫ್ರೇಮಿಗೆ ಹಿಡಿದಿರುವುದನ್ನು ಬಿಚ್ಚಿ. ಅದು ದಪ್ಪ, ಸುತ್ತಲೂ ಉಕ್ಕು, ಬಲ ಹಾಕಿದರೂ ಹೆದರಿಕೆಯಿಲ್ಲ. ಅಲ್ಲಿ ರಬ್ಬರ್ ಬುಷ್ ಇದ್ದರೆ ಬೆಂಕಿ ಮಾತ್ರ ಬೇಡ. ಬಿಚ್ಚುವ ಮೊದಲೇ ಸೈಲೆನ್ಸರ್ ಕೆಳಗೆ ಇಟ್ಟಿಗೆ ಕೊಡಿ. ಇಲ್ಲದಿದ್ದರೆ ಅದರ ಭಾರವೆಲ್ಲ ಮುಂದಿನ ಎರಡು ಸ್ಟಡ್‌ಗೆ ಜೋತು ಬೀಳುತ್ತದೆ.

ಬಳಿಕ ಗರಗಸ ತಗೊಂಡು ಬೆಂಡ್ ಪೈಪನ್ನು (ಎಂಜಿನ್ನಿನಿಂದ ಸೈಲೆನ್ಸರಿಗೆ ಬರುವ ಬಾಗಿದ ಪೈಪು) ಹೆಡ್ಡಿನಿಂದ ಒಂದು ಗೇಣು ಬಿಟ್ಟು ಕೊಯ್ದುಬಿಡಿ. ಇಂಚಿಗೆ 24 ಅಥವಾ 32 ಹಲ್ಲಿನ ಬ್ಲೇಡ್ ಬೇಕು. ಒರಟು ಬ್ಲೇಡ್ ತೆಳು ಪೈಪಿಗೆ ಸಿಕ್ಕಿಕೊಂಡು ಹಲ್ಲು ಉದುರಿಸಿಕೊಳ್ಳುತ್ತದೆ. ಹೇಗೂ ಗುಜರಿಗೆ ಹೋಗುವ ಪೈಪು, ಕೊಯ್ಯಲು ಕೈ ಹಿಂಜರಿಯಬಾರದು. ಈಗ ನಟ್‌ಗಳ ಎದುರು ಜಾಗ ತೆರೆದುಕೊಳ್ಳುತ್ತದೆ, ಓರೆಯಾಗಿ ಪಾನಾ ಹಾಕುವ ಬದಲು ನೇರವಾಗಿ ಸಾಕೆಟ್ ಕೂರುತ್ತದೆ. ನಿಮ್ಮ ಒಂದು ನಟ್ ಗುಂಡಗಾದದ್ದು ಬಹುಶಃ ಈ ಓರೆ ಪಾನಾದಿಂದಲೇ.

ಗಟ್ಟಿ ನಟ್‌ಗೆ ಆರು ಮೂಲೆಯ ಸಾಕೆಟ್ ಹಾಕಿ, ಹನ್ನೆರಡು ಮೂಲೆಯದು ಬೇಡ. ಸಣ್ಣ ಹಿಡಿಕೆ, ಪೈಪ್ ಇಲ್ಲ. ಮೊದಲು ಬಿಗಿಯುವ ದಿಕ್ಕಿಗೆ ಒಂದು ಸಣ್ಣ ಎಳೆತ, ಕೂದಲೆಳೆಯಷ್ಟು. ಜಂಗಿನ ಹಿಡಿತ ಮುರಿಯಲು ಅದು ಸಾಕು. ನಂತರ ಬಿಚ್ಚುವ ದಿಕ್ಕಿಗೆ. ‘ಟಕ್’ ಎಂದು ಬಿಟ್ಟರೆ ಒಳ್ಳೆಯದು. ಕಾಲು ಸುತ್ತು ಮುಂದೆ, ಅರ್ಧ ಕಾಲು ಹಿಂದೆ, ನಡುವೆ ಎಣ್ಣೆ, ಹೀಗೇ ತಗೊಂಡು ಬನ್ನಿ. ಸಲೀಸಾಗಿ ಬಂತೆಂದು ಒಂದೇ ದಿಕ್ಕಿಗೆ ತಿರುಗಿಸುತ್ತ ಹೋದರೆ ಜಂಗಿನ ಪುಡಿ ಮುಂದೆ ಸೇರಿ ಮತ್ತೆ ಬಿಗಿಯುತ್ತದೆ.

ಟಕ್ ಎನ್ನದೆ ಬೆಲ್ಲದ ಪಾಕದಂತೆ ಮೆತ್ತಗೆ ತಿರುಗುತ್ತಿದೆ, ಕೈ ಬಿಟ್ಟರೆ ಸ್ವಲ್ಪ ಹಿಂದಕ್ಕೆ ಬರುತ್ತಿದೆ ಎಂದಾದರೆ ತಿರುಗುತ್ತಿರುವುದು ನಟ್ಟಲ್ಲ, ಸ್ಟಡ್ ತಿರುಚುತ್ತಿದೆ. ಅಲ್ಲೇ ನಿಲ್ಲಿಸಿ. ಇನ್ನು ಆ ನಟ್ಟನ್ನು ಸೀಳುವುದೊಂದೇ. ಕೆಲವೊಮ್ಮೆ ನಟ್ಟಿನ ಜೊತೆ ಸ್ಟಡ್ ಕೂಡ ಹೆಡ್ಡಿನಿಂದ ಸುತ್ತಿಕೊಂಡು ಹೊರಗೆ ಬರುತ್ತದೆ. ಅದು ಅನಾಹುತವಲ್ಲ, ಅದೃಷ್ಟ. ಹೊಸ ಸ್ಟಡ್ ಹಾಕಿದರೆ ಆಯಿತು.

ಟಾರ್ಚ್ ಹಿಡಿಯುವುದಾದರೆ ಪೆಟ್ರೋಲ್ ಕಾಕ್ ಬಂದ್ ಮಾಡಿ, ಕಾರ್ಬುರೇಟರ್ ಬಟ್ಟಲು ಖಾಲಿ ಮಾಡಿ. ನಿಮ್ಮ ಗಾಡಿಯಲ್ಲಿ ಅದು ನಟ್‌ಗಳ ಮೇಲೇ ಇದೆ, ಸೋರಿದ ಹನಿ ಜ್ವಾಲೆಗೇ ಬೀಳುತ್ತದೆ. ಟ್ಯಾಂಕ್ ತೆಗೆದು ದೂರ ಇಟ್ಟರೆ ಇನ್ನೂ ಮೇಲು. ಹಚ್ಚಿದ ಎಣ್ಣೆ ಒರೆಸಿ, ನಟ್ ಕಾಸಿ, ಜ್ವಾಲೆ ಸರಿಸಿ, ಮೇಣದ ಬತ್ತಿಯನ್ನು ಸ್ಟಡ್ ಬುಡಕ್ಕೆ ಮುಟ್ಟಿಸಿ. ಮೇಣ ಕರಗಿ ಸಂದಿಯೊಳಕ್ಕೆ ಎಳೆದುಕೊಳ್ಳುತ್ತದೆ. ಎಣ್ಣೆಯಾದರೆ ಆ ಬಿಸಿಗೆ ಹೊಗೆಯಾಗಿ ಹಾರಿಹೋಗುತ್ತದೆ.

ಗುಂಡಗಾದ ನಟ್‌ಗೆ 9 ಎಂಎಂ ಅಥವಾ 3/8 ಇಂಚಿನ ಹಳೇ ಸಾಕೆಟ್ ಸುತ್ತಿಗೆಯಿಂದ ಹೊಡೆದು ಕೂರಿಸಿ ನೋಡಿ. 3/8 ಇಂಚು ಎಂದರೆ 9.5 ಎಂಎಂ, ಜಂಗು ತಿಂದ 10ರ ನಟ್‌ಗೆ ಬಹಳ ಸಲ ಅದೇ ಅಳತೆ. ಅದಕ್ಕೂ ಬಗ್ಗದಿದ್ದರೆ ಸೀಳಿ. 10 ಎಂಎಂ ನಟ್ಟಿನ ನಡುವೆ 6 ಎಂಎಂ ಸ್ಟಡ್ ಎಂದರೆ ಗೋಡೆ ಬರೀ 2 ಎಂಎಂ. ತೆಳು ಬ್ಲೇಡಿನಿಂದ ಅಥವಾ 1 ಎಂಎಂ ಕಟಿಂಗ್ ಚಕ್ರದಿಂದ ಒಂದು ಬದಿಯಲ್ಲಿ, ಸ್ಟಡ್‌ನ ಉದ್ದಕ್ಕೆ ಸಮಾನಾಂತರವಾಗಿ, ಒಂದೂವರೆ ಎಂಎಂ ಆಳ ಕೊಯ್ಯಿರಿ. ಉಳಿದದ್ದು ಉಳಿಯ ಒಂದೆರಡು ಏಟಿಗೆ ಕಡಲೆ ಸಿಪ್ಪೆಯಂತೆ ಬಾಯಿ ಬಿಡುತ್ತದೆ. ಚಕ್ರ ಬಳಸಿದರೆ ಕಿಡಿ ಹಾರುತ್ತದೆ, ಆಗ ಟ್ಯಾಂಕ್ ಗಾಡಿಯ ಮೇಲೆ ಇರಲೇಬಾರದು. ಕಣ್ಣಿಗೆ ಕನ್ನಡಕ. ಸ್ಟಡ್‌ನ ಥ್ರೆಡ್‌ಗೆ ಸ್ವಲ್ಪ ಗಾಯವಾದರೆ ಎಂ6, 1 ಎಂಎಂ ಪಿಚ್ಚಿನ ಡೈ (ಥ್ರೆಡ್ ಕೊಯ್ಯುವ ಬಿಲ್ಲೆ) ತಿರುಗಿಸಿದರೆ ಸರಿಹೋಗುತ್ತದೆ.

ಇಷ್ಟೆಲ್ಲ ಮಾಡಿಯೂ ಸ್ಟಡ್ ಮುರಿಯಬಹುದು. ಇಷ್ಟೊಂದು ಮಳೆಗಾಲ ಕಂಡ ಸ್ಟಡ್, ನಟ್ ಕೆಳಗೆ ಎಷ್ಟು ಸಣ್ಣಗಾಗಿದೆ ಎನ್ನುವುದು ಬಿಚ್ಚುವವರೆಗೆ ಕಾಣದು. ಮುರಿದರೆ ಗಾಬರಿಯಾಗಿ ಕೂಡಲೇ ಡ್ರಿಲ್ ಎತ್ತಬೇಡಿ.

ತುಂಡು ಅರ್ಧ ಸೆಂಟಿಮೀಟರಾದರೂ ಹೊರಗಿದ್ದರೆ, ಮೇಲೆ ಹೇಳಿದ ಅಲ್ಯೂಮಿನಿಯಂ ಬಿಸಿಯ ಉಪಾಯಕ್ಕೆ ಈಗ ಬೆಲೆ ಬಂತು. ಹೆಡ್ಡನ್ನು ಸ್ಟಡ್ ಸುತ್ತ ನೀರಿನ ಹನಿ ಚುರ್ರೆನ್ನುವಷ್ಟು ಬಿಸಿ ಮಾಡಿ, ಲಾಕ್ ಆಗುವ ಇಕ್ಕಳದಿಂದ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ ತೆಗೆಯಿರಿ.

ಹೆಡ್ಡಿನ ಸಮಕ್ಕೆ ಮುರಿದಿದ್ದರೆ ಅತ್ಯುತ್ತಮ ದಾರಿ ವೆಲ್ಡಿಂಗ್. ಎಂ8ರ ನಟ್ ಒಂದನ್ನು ತುಂಡಿನ ಮೇಲೆ ಕೂರಿಸಿ, ನಟ್ಟಿನ ತೂತಿನೊಳಗಿಂದ ತುಂಡಿಗೆ ಬೆಸುಗೆ ಹಾಕಿಸುವುದು. ಉಕ್ಕಿನ ಬೆಸುಗೆ ಅಲ್ಯೂಮಿನಿಯಂಗೆ ಹಿಡಿಯುವುದಿಲ್ಲ, ಹಾಗಾಗಿ ಹೆಡ್‌ಗೆ ತೊಂದರೆಯಿಲ್ಲ. ಬೆಸುಗೆಯ ಬಿಸಿಯೇ ತುಂಡನ್ನು ಸಡಿಲಿಸುತ್ತದೆ. ಸಿಓಟು ವೆಲ್ಡಿಂಗ್ ಇರುವವರ ಹತ್ತಿರ ಹೋಗಿ, ಎಲೆಕ್ಟ್ರೋಡ್ ಕಡ್ಡಿಯಿಂದ ಇಷ್ಟು ಸಣ್ಣ ಜಾಗದಲ್ಲಿ ನಿಖರವಾಗಿ ಹಾಕುವುದು ಕಷ್ಟ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿರಬೇಕು, ವೆಲ್ಡಿಂಗಿನ ಅರ್ತ್ ಕ್ಲಾಂಪ್ ಹೆಡ್ಡಿನ ಹತ್ತಿರವೇ ಇರಬೇಕು. ಸತುವಿನ ಲೇಪದ ಬಿಳಿ ನಟ್ ಬೇಡ, ಅದರ ಹೊಗೆ ಜ್ವರ ಬರಿಸುತ್ತದೆ, ಕರಿ ನಟ್ ಬಳಸಿ. ಮೊದಲ ಬೆಸುಗೆ ಕಿತ್ತು ಬಂದರೆ ನಿರಾಶರಾಗಬೇಡಿ, ಮೂರು ನಾಲ್ಕು ಸಲ ಹಾಕಿದ ಮೇಲೆ ಬರುವುದೂ ಉಂಟು.

ತುಂಡು ಒಳಗೆ ಹುದುಗಿದ್ದರೆ ಮಾತ್ರ ಡ್ರಿಲ್. ಇದನ್ನು ಮನೆಯಲ್ಲಿ, ಮಲಗಿ, ಕೈ ಡ್ರಿಲ್ಲಿನಿಂದ ಮಾಡಬೇಡಿ. ಬಿಟ್ ಗಟ್ಟಿ ಉಕ್ಕನ್ನು ಬಿಟ್ಟು ಮೆತ್ತಗಿನ ಅಲ್ಯೂಮಿನಿಯಂ ಕಡೆಗೆ ಜಾರುತ್ತದೆ, ತೂತು ಓರೆಯಾಗುತ್ತದೆ. ಹೆಡ್ ಬಿಚ್ಚಿ ಲೇತ್ ಅಂಗಡಿಗೆ ಒಯ್ಯಿರಿ. ರಾಣೆಬೆನ್ನೂರು, ಹಾವೇರಿಯಲ್ಲಿ ಆಗದಿದ್ದರೆ ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದ ಕೈಗಾರಿಕಾ ಪ್ರದೇಶಗಳಿವೆ. ತುಂಡಿನ ನಟ್ಟನಡುವೆ ಪಂಚ್ ಹೊಡೆದು, 2.5ರಿಂದ ಶುರು ಮಾಡಿ 5 ಎಂಎಂವರೆಗೆ ಹಂತಹಂತವಾಗಿ ಕೊರೆದರೆ ಥ್ರೆಡ್ಡಿನ ಸಿಪ್ಪೆ ಮಾತ್ರ ಉಳಿಯುತ್ತದೆ, ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊಯ್ಯುವ ಸಾಧನ) ಹಾಕಿದರೆ ಬರುತ್ತದೆ. ‘ಈಜಿ ಔಟ್’ ಎಂಬ ತಿರುಪು ಸಾಧನವನ್ನು ಎಂ6ರಷ್ಟು ಸಣ್ಣ ಸ್ಟಡ್‌ಗೆ ಬಳಸಲು ಬಿಡಬೇಡಿ. ಅದು ಹದ ಕೊಟ್ಟ ಉಕ್ಕು, ಗಾಜಿನಂತೆ ಒಳಗೆ ಮುರಿಯುತ್ತದೆ. ಆಮೇಲೆ ಮಾಮೂಲಿ ಬಿಟ್ ಅದಕ್ಕೆ ಹತ್ತುವುದಿಲ್ಲ, ಕಿಡಿಯಿಂದ ಲೋಹ ಸವೆಸುವ ಯಂತ್ರ ಇದ್ದವರನ್ನು ಹುಡುಕಬೇಕಾಗುತ್ತದೆ.

ಹೆಡ್ಡಿನ ಥ್ರೆಡ್ಡೇ ಹಾಳಾಗಿದ್ದರೆ ತಂತಿ ಸುರುಳಿಯ ಇನ್ಸರ್ಟ್ ಹಾಕಿಸಬಹುದು. 6.3 ಎಂಎಂ ತೂತು, ಅದರದ್ದೇ ಟ್ಯಾಪ್, ಒಳಗೆ ಮತ್ತೆ ಎಂ6 ಥ್ರೆಡ್. ಮೊದಲಿನ ಅಲ್ಯೂಮಿನಿಯಂ ಥ್ರೆಡ್ಡಿಗಿಂತ ಇದು ಗಟ್ಟಿ. ಇನ್ನೊಂದು ದಾರಿ, 6.8 ಎಂಎಂ ಕೊರೆದು ಎಂ8 ಟ್ಯಾಪ್ ಹಾಕಿ, ಒಂದು ತುದಿ ಎಂ8, ಇನ್ನೊಂದು ತುದಿ ಎಂ6 ಇರುವ ಸ್ಟಡ್ಡನ್ನು ಲೇತ್‌ನಲ್ಲಿ ಕಡೆಸುವುದು. ಅಗ್ಗ, ಬಾಳಿಕೆಯೂ ಚೆನ್ನ. ಆದರೆ ಸುತ್ತಲಿನ ಗೋಡೆ ತೆಳುವಾಗಿದ್ದರೆ ಬಿರುಕು ಬಿಟ್ಟೀತು, ಕೊರೆಯುವ ಮೊದಲು ಅಳೆಸಿ. ಇದೂ ಆಗದಿದ್ದರೆ ಹೊಸ ಹೆಡ್.

ಸ್ಟಡ್ ಮುಟ್ಟುವ ಧೈರ್ಯವೇ ಇಲ್ಲ ಎನ್ನುವವರಿಗೆ ಅಡ್ಡದಾರಿಯೂ ಇದೆ. ಹಳೇ ಬೆಂಡ್ ಪೈಪ್ ಗಟ್ಟಿಯಿದ್ದರೆ ಅಲ್ಲಿ ಕೊಯ್ದು, ಹೊಸ ಸೈಲೆನ್ಸರಿನ ಬೆಂಡನ್ನೂ ಅದೇ ಅಳತೆಗೆ ಕೊಯ್ದು, ಎರಡೂ ಸೇರುವಲ್ಲಿ ಮೇಲೆ ತೋಳಿನಂತೆ ಇನ್ನೊಂದು ಪೈಪ್ ತುಂಡು ಹಾಕಿ ಬೆಸೆಯುವುದು. ನಾಳೆಯೇ ಗಾಡಿ ಓಡುತ್ತದೆ. ಆದರೆ ಹೊಸ ಸಾಮಾನು ಕೊಯ್ದದ್ದಕ್ಕೆ ವಾರಂಟಿ ಇರದು, ಬೆಸುಗೆಯ ಬದಿಯಲ್ಲೇ ಮತ್ತೆ ಜಂಗು ಏಳುತ್ತದೆ, ಆ ಎರಡು ನಟ್‌ಗಳು ಇನ್ನಷ್ಟು ಕೊಳೆಯುತ್ತ ಕೂತಿರುತ್ತವೆ. ನೀವು ಈಗಾಗಲೇ ಹೊಸದು ತಂದಿರುವುದರಿಂದ ಇದನ್ನು ನಾನು ಹೇಳುವುದಿಲ್ಲ. ಹೊಟ್ಟೆಗೆ ತೇಪೆ ಹಾಕಿಸುವುದೂ ಅಷ್ಟೇ: ಒಳಗಿನಿಂದ ಕೊಳೆತ ತಗಡಿಗೆ ಬೆಸುಗೆ ಹಿಡಿಯದು, ತೂತು ದೊಡ್ಡದಾಗುತ್ತದೆ.

ಕೂರಿಸುವಾಗ ಮೊದಲು ಹೆಡ್ಡಿನ ಬಾಯಿಯಿಂದ ಹಳೇ ಗ್ಯಾಸ್ಕೆಟ್ ರಿಂಗ್ ಕೆದಕಿ ತೆಗೆಯಿರಿ. ಮಸಿಯ ಬಣ್ಣಕ್ಕೆ ತಿರುಗಿ ಅದು ಹೆಡ್ಡಿನ ಭಾಗವೇ ಎನಿಸುವಂತೆ ಕೂತಿರುತ್ತದೆ. ಅದರ ಮೇಲೇ ಹೊಸದನ್ನು ಹಾಕಿದರೆ ಫ್ಲ್ಯಾಂಜ್ (ನಟ್ ಬಿಗಿಯುವ, ಪೈಪಿನ ತುದಿಯ ಪಟ್ಟಿ) ಓರೆಯಾಗಿ ಹೊಗೆ ಸೋರುತ್ತದೆ. ಹೊಸ ಸ್ಟಡ್, ಸಿಕ್ಕರೆ ಹಿತ್ತಾಳೆ ನಟ್. ಹಿತ್ತಾಳೆ ಉಕ್ಕಿನ ಜೊತೆ ಜಂಗು ಬೆಸೆಯುವುದಿಲ್ಲ, ಬಿಚ್ಚುವಾಗ ಹಾಳಾದರೂ ನಟ್ಟೇ ಹಾಳಾಗುತ್ತದೆ. ಥ್ರೆಡ್‌ಗೆ ತಾಮ್ರದ ಪುಡಿಯಿರುವ ಆಂಟಿ ಸೀಜ್ ಪೇಸ್ಟ್ ತೆಳುವಾಗಿ ಸವರಿ. ಮಾಮೂಲಿ ಗ್ರೀಸ್ ಅಲ್ಲಿನ ಬಿಸಿಗೆ ಸುಟ್ಟು ಹೋಗುತ್ತದೆ. ಪೇಸ್ಟ್ ಹಚ್ಚಿದ ನಟ್ ಸುಲಭವಾಗಿ ಜಾರುವುದರಿಂದ ಬಿಗಿತ ಕಾಲು ಭಾಗ ಕಡಿಮೆ ಇರಲಿ.

ಎರಡು ನಟ್‌ಗಳನ್ನು ಬೆರಳಲ್ಲಿ ಕೂರಿಸಿ, ಹಿಂದಿನ ಬೋಲ್ಟ್ ಸಡಿಲವಾಗಿ ಸಿಕ್ಕಿಸಿ. ಬಳಿಕ ಮುಂದಿನ ನಟ್‌ಗಳನ್ನು ಅದೊಮ್ಮೆ ಇದೊಮ್ಮೆ ಅರ್ಧರ್ಧ ಸುತ್ತು ಬಿಗಿದು, ಹಿಂದಿನದನ್ನು ಕೊನೆಗೆ. ಹಿಂದಿನದನ್ನು ಮೊದಲು ಬಿಗಿದರೆ ಇಡೀ ಪೈಪು ಸ್ಟಡ್‌ಗಳನ್ನು ಒಂದು ಕಡೆಗೆ ಜಗ್ಗುತ್ತಲೇ ಇರುತ್ತದೆ. ತಣ್ಣಗಿರುವಾಗ ಚಾಲೂ ಮಾಡಿ ಸೇರುವ ಜಾಗಕ್ಕೆ ಸಾಬೂನು ನೀರು ಹಚ್ಚಿ, ಗುಳ್ಳೆ ಬಂದರೆ ಸೋರುತ್ತಿದೆ. ಒಂದು ದಿನ ಓಡಿಸಿ, ಪೂರ್ತಿ ತಣಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ. ರಿಂಗ್ ಅಮುಕಿ ನಟ್ ಸ್ವಲ್ಪ ಸಡಿಲಾಗಿರುತ್ತದೆ.

ಎಷ್ಟು ವರ್ಷ ಬಾಳೀತು ಎಂದು ಕೇಳಿದ್ದೀರಿ. ಅದು ಗಾಡಿ ಒಂದು ಸಲಕ್ಕೆ ಎಷ್ಟು ದೂರ ಓಡುತ್ತದೆ ಎನ್ನುವುದರ ಮೇಲಿದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ, ಆವಿಯಾಗಿ. ಮನೆಯಿಂದ ಹೊಲಕ್ಕೆ ಎರಡು ಕಿಲೋಮೀಟರ್ ಹೋಗಿ ನಿಲ್ಲಿಸುವ ಗಾಡಿಯಲ್ಲಿ ಸೈಲೆನ್ಸರ್ ಪೂರ್ತಿ ಬಿಸಿಯಾಗದೆ ಆ ಆವಿ ಒಳಗೇ ತಣಿದು ಹೊಟ್ಟೆಯಲ್ಲಿ ನಿಲ್ಲುತ್ತದೆ. ನಿಮ್ಮದು ಕೆಳಗಿನಿಂದ ತೂತಾದದ್ದು ಅದಕ್ಕೇ, ಹೊರಗಿನ ಮಳೆ ಅದಕ್ಕೆ ಜೊತೆ ಕೊಟ್ಟಿತು ಅಷ್ಟೆ. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಒಂದೇ ಸಮ ಓಡಿಸಿ, ಬ್ಯಾಡಗಿ ಸಂತೆಗೆ ಹೋಗಿ ಬಂದರೂ ಆಯಿತು. ಕೊಟ್ಟಿಗೆ ಬಿಟ್ಟು ಬೇರೆ ಕಡೆ ನಿಲ್ಲಿಸಿ. ಹೊಸ ಸೈಲೆನ್ಸರಿನ ಅಡಿಯಲ್ಲಿ ಹಿಂಭಾಗದ ಹತ್ತಿರ ಒಂದು ಸಣ್ಣ ತೂತು ಇದ್ದರೆ ಅದು ಆ ನೀರು ಇಳಿದುಹೋಗಲೆಂದೇ ಇಟ್ಟದ್ದು. ಸೋರುತ್ತಿದೆ ಎಂದು ಅದಕ್ಕೆ ಬೆಸುಗೆ ಹಾಕಿಸುವವರು ಬಹಳ. ನೀವು ಹಾಕಿಸಬೇಡಿ, ತಿಂಗಳಿಗೊಮ್ಮೆ ತಂತಿ ಆಡಿಸಿ ಎರೆ ಮಣ್ಣು ಬಿಡಿಸಿ.